ಕರಗದ ಮಣ್ಣೆತ್ತು

ನಮ್ಮ ವೈನಿಯ, ಅಂದರೆ ಅಣ್ಣನ ಹೆಂಡತಿಯ ಮೇಲೆ ನನಗಿದ್ದ ಹೊಟ್ಟೆಕಿಚ್ಚಿಗೆ ಕಾರಣ ಕೇಳಿದರೆ ಯಾರಾದರೂ ನಕ್ಕಾರು. ಬಂಗಾರವಲ್ಲ, ಸೀರೆಯಲ್ಲ, ಒಂದು ಜೋಡಿ ಮಣ್ಣಿನ ಎತ್ತು.

ಅದು ಯುದ್ಧದ ಕಾಲ. ಸೀಮೆಎಣ್ಣೆಗೆ ಸಾಲು ಹಚ್ಚಬೇಕಿತ್ತು, ಮಣ್ಣಿಗೆ ಮಾತ್ರ ಬರವಿರಲಿಲ್ಲ. ಬೈರಿದೇವರಕೊಪ್ಪದ ನಮ್ಮ ಮನೆಯಲ್ಲಿ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತುಗಳನ್ನು ಕೊಂಡು ತರುವ ರೂಢಿ ಇರಲಿಲ್ಲ. ಮನೆಯ ಹೆಣ್ಣುಮಕ್ಕಳೇ ಕೆರೆಯ ಎರೆಮಣ್ಣು ತಂದು, ನಾದಿ, ಕೈಯಲ್ಲೇ ತಿದ್ದಬೇಕು. ಎಲ್ಲರ ಎತ್ತುಗಳನ್ನೂ ನೋಡಿ ಆಯಿ, ಅಂದರೆ ನನ್ನ ತಂದೆಯ ತಾಯಿ, ಒಂದು ಜೋಡಿಯನ್ನು ಆರಿಸುತ್ತಿದ್ದಳು. ಅದು ದೇವರ ಜಗಲಿಗೆ. ಉಳಿದವು ಬಾಗಿಲ ಬದಿಯ ಹಲಗೆಗೆ. ಹತ್ತನೆಯ ವಯಸ್ಸಿನಿಂದ ಮೂರು ವರ್ಷ ಜಗಲಿಯ ಜೋಡಿ ನನ್ನದೇ. ಪೈಪೋಟಿಗೆ ಇದ್ದವರು ಅವ್ವ ಮತ್ತು ಚಿಕ್ಕವ್ವ, ಅವರಿಗೋ ಹೋಳಿಗೆಯ ಚಿಂತೆ. ಆದರೂ ನಾನು ಬೀಗುತ್ತಿದ್ದೆ.

ನನಗೆ ಹದಿಮೂರಾದಾಗ ಅಣ್ಣನ ಮದುವೆಯಾಗಿ ಸತ್ತೂರಿನಿಂದ ವೈನಿ ಬಂದಳು. ನನಗಿಂತ ಮೂರೇ ವರ್ಷ ದೊಡ್ಡವಳು. ಮೊದಲ ಅಮಾವಾಸ್ಯೆಗೇ ಅವಳು ಮಾಡಿಟ್ಟ ಎತ್ತು ನೋಡಿ ನನ್ನ ಮೈ ಉರಿದುಹೋಯಿತು. ಬೆನ್ನ ಮೇಲೆ ಡುಬ್ಬ, ಕತ್ತಿನ ಕೆಳಗೆ ಜೋಲುವ ಗಂಗೆದೊಗಲು. ಒಂದು ಎತ್ತಂತೂ ತುಸು ತಲೆ ಹೊರಳಿಸಿ ತನ್ನ ಜೋಡಿಯ ಕಡೆ ನೋಡುತ್ತಿತ್ತು. ನಾನು ಮೈ ಒಣಗಿದ ಮೇಲೆ ಕೋಡು ಅಂಟಿಸಿದ್ದೆ, ಅವು ಉದುರಿದ್ದವು. ಕಾಲು ಬಗ್ಗಿ ಹೊಟ್ಟೆ ನೆಲಕ್ಕೆ ಹತ್ತಿತ್ತು.

"ಈಕೀವು ನಿಂತಾವ, ನಿನ್ನವು ಮಕ್ಕೊಂಡಾವ ನೋಡು," ಅಂದಳು ಆಯಿ, ವೈನಿಯ ಜೋಡಿಯನ್ನು ಜಗಲಿಗೆ ಏರಿಸುತ್ತ.

"ಈ ಸಲ ಮಣ್ಣ ಛಲೋ ಇರಲಿಲ್ಲ."

"ಹೌದವಾ, ಕುಣೀಲಾರದಾಕಿ ನೆಲಾ ಡೊಂಕ ಅಂದ್ಲಂತ."

ಎಲ್ಲರೂ ನಕ್ಕರು. ವೈನಿ ನಗಲಿಲ್ಲ. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು.

ಆ ವರ್ಷವೆಲ್ಲ ಅವಳ ತಪ್ಪು ಹುಡುಕಿದೆ. ರೊಟ್ಟಿ ದಪ್ಪ, ನಡಿಗೆ ಜೋರು, ಬಾಯಿ ತೆರೆದರೆ ತವರಿನದೇ ಮಾತು ಎಂದು ಅವ್ವನಿಗೆ ಚಾಡಿ ಹೇಳಿದೆ. ಅಮಾವಾಸ್ಯೆ ಹತ್ತಿರ ಬಂದಾಗ ಮಾತ್ರ ಅವಳ ಬೆನ್ನ ಹಿಂದೆ ಬೆಕ್ಕಿನಂತೆ ಕುಳಿತು ಕದ್ದು ನೋಡಿದೆ. ಮಣ್ಣು ಬಿರುಕು ಬಿಡದಿರಲೆಂದು ಅವಳು ಹಿಂಜಿದ ಅರಳೆ ಸೇರಿಸಿ ಕುಟ್ಟುತ್ತಿದ್ದಳು. ಹಸಿಯಿದ್ದಾಗಲೇ ಕೋಡಿನ ಜಾಗವನ್ನು ಕಡ್ಡಿಯಿಂದ ಗೀರಿ, ತೆಳು ಕೆಸರು ಸವರಿ, ಕೋಡು ಒತ್ತುತ್ತಿದ್ದಳು. ಕಾಲು ಬಗ್ಗದಂತೆ ಹೊಟ್ಟೆಯ ಕೆಳಗೆ ಒಂದು ಮಣ್ಣುಂಡೆಯ ಆಸರೆ ಕೊಟ್ಟು, ಮೈ ಬಿಗಿದ ಮೇಲೆ ಅದನ್ನು ತೆಗೆಯುತ್ತಿದ್ದಳು. ಎಲ್ಲವನ್ನೂ ಕಲಿತೆ. ಬಾಯಿಬಿಟ್ಟು ಕೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಆ ಸಲ ನನ್ನ ಎತ್ತು ನಿಜಕ್ಕೂ ಚೆನ್ನಾಗಿ ಬಂದವು. ಆದರೂ ಭಯ. ಪೂಜೆಗೆ ಮೊದಲೇ ಒಂದು ಕೋಡು ಮುರಿದರೆ ಮತ್ತೆ ಅವಳವೇ ಜಗಲಿಗೆ. ಸುಟ್ಟರೆ ಗಟ್ಟಿಯಾಗುತ್ತವಲ್ಲ ಎಂದು ಹೊಳೆದದ್ದೇ ತಡ, ಅರೆಹಸಿ ಎತ್ತುಗಳನ್ನು ಬುಟ್ಟಿಯಲ್ಲಿ ಮುಚ್ಚಿಕೊಂಡು ಕುಂಬಾರರ ಮನೆಗೆ ಹೋದೆ.

"ಪೂಜಿ ಎತ್ತಲ್ಲ ಹೌದಿಲ್ಲೊ, ತಂಗಿ?" ಅಂದಳು ಅಲ್ಲಿಯ ಹೆಂಗಸು. "ಪೂಜಿ ಎತ್ತ ಸುಡಬಾರ್ದು. ಅವು ಕರಗಿ ಮಣ್ಣಾಗಬೇಕು."

"ಪೂಜೀವಲ್ಲರಿ, ಆಟಕ್ಕ," ಅಂದೆ ರೆಪ್ಪೆ ಬಡಿಯದೆ.

ಅವಳು ನಂಬಿ, ಎತ್ತಿನ ಹೊಟ್ಟೆಯನ್ನು ಕೆಳಗಿನಿಂದ ತೋಡಿಸಿದಳು. ಒಳಗೆ ಗಟ್ಟಿ ಇದ್ದರೆ ಆವಿಗೆಯ ಬೆಂಕಿಗೆ ಸಿಡಿಯುತ್ತವಂತೆ. ಎಂಟು ದಿನಕ್ಕೆ ಎತ್ತು ಕೆಂಪಗೆ ಸುಟ್ಟು, ಬಡಿದರೆ ಠಣ್ ಎನ್ನುವಂತಾಗಿ ಬಂದವು. ಕೆಂಪು ಕಾಣದಿರಲೆಂದು ದಪ್ಪಗೆ ಸುಣ್ಣ ಬಳಿದೆ. ಮನೆಯಲ್ಲಿ ಎಲ್ಲರೂ ಸುಣ್ಣ ಬಳಿಯುವವರೇ, ಯಾರಿಗೂ ಸಂಶಯ ಬರಲಿಲ್ಲ.

ಆಯಿ ಎರಡೂ ಜೋಡಿಯನ್ನು ಬಹಳ ಹೊತ್ತು ನೋಡಿ ನನ್ನವನ್ನೇ ಜಗಲಿಗೆ ಏರಿಸಿದಳು. ಹಾಲು ಕುಡಿದಷ್ಟು ಸಂತೋಷವಾಯಿತು. ವೈನಿಯ ಮುಖ ನೋಡಿದೆ. ಅವಳು ತಲೆ ತಗ್ಗಿಸಿ ಆರತಿ ತಟ್ಟೆ ಒರೆಸುತ್ತಿದ್ದಳು. ಅಳಲಿ ಎಂದು ಕಾದೆ, ಅಳಲಿಲ್ಲ.

ಪೂಜೆಯ ಮರುದಿನ ಎಲ್ಲ ಎತ್ತುಗಳನ್ನೂ ಹಿತ್ತಲ ಬಾವಿಕಟ್ಟೆಯ ಮೇಲಿಡುವುದು ನಮ್ಮಲ್ಲಿಯ ಪದ್ಧತಿ. ಮಳೆಗೆ ಅವು ಕರಗಿದರೆ ಬೆಳೆ ಕೈಗೆ ಬಂತೆಂದೇ ನಂಬಿಕೆ. ಗೆಲ್ಲುವ ಗಡಿಬಿಡಿಯಲ್ಲಿ ನಾನು ಅದನ್ನೇ ಮರೆತಿದ್ದೆ. ಎರಡು ದಿನ ಮಳೆ ಹಿಡಿಯಿತು. ವೈನಿಯವು, ಅವ್ವನವು, ಚಿಕ್ಕವ್ವನವು ಕರಗಿ ಕರಿ ಕೆಸರಾದವು. ನನ್ನವು ಸುಣ್ಣ ತೊಳೆದುಹೋಗಿ, ಕೆಂಪಗೆ, ಕೋಡು ನೆಟ್ಟಗೆ ಮಾಡಿಕೊಂಡು ನಿಂತಿದ್ದವು.

"ಎತ್ತು ಸುಟ್ಟಾಕಿ ಯಾರ?" ಆಯಿ ಬಾವಿಕಟ್ಟೆಯಿಂದಲೇ ಕೂಗಿದಳು. ಒಕ್ಕಲುತನದ ಮನೆಯಲ್ಲಿ ಪೂಜೆಯ ಎತ್ತು ಸುಡುವುದು ಸಣ್ಣ ಮಾತಲ್ಲ. ಅಷ್ಟರಲ್ಲಿ ವೈನಿ ಮುಂದೆ ಬಂದಳು.

"ನಾನರಿ, ಆಯಿ. ನಾನ ಮಾಡಿ, ನಾನ ಸುಡಿಸಿ, ಆಕಿಗೆ ಕೊಟ್ಟಿದ್ನಿ."

ಆಯಿ ಅವಳಿಗೆ ಬೈದದ್ದು ಅಷ್ಟಿಷ್ಟಲ್ಲ, ತವರಿನವರನ್ನೂ ಬಿಡಲಿಲ್ಲ. ಕೊನೆಗೆ ನನ್ನ ಕಡೆ ಹೊರಳಿ, "ಅದಕ್ಕ ಅಂದ್ಕೊಂಡೆ, ಇಷ್ಟ ಛಲೋ ಎತ್ತು ಈಕೀ ಕೈಲೆ ಹ್ಯಾಂಗ ಬಂದ್ವು ಅಂತ," ಅಂದಳು.

ನಾನೇ ಮಾಡಿದ್ದು ಎಂದು ಕೂಗಬೇಕೆನಿಸಿತು. ಕೂಗಿದರೆ ಬೈಗುಳವೂ ನನ್ನದೇ. ಬಾಯಿ ಮುಚ್ಚಿಕೊಂಡೆ.

ಸಂಜೆ ಒಲೆಯ ಮುಂದಿದ್ದ ವೈನಿಯ ಹತ್ತಿರ ಜಗಳಕ್ಕೇ ಹೋದೆ.

"ನನ್ನ ಉಳಸ್ರಿ ಅಂತ ನಿಮಗ ಯಾರ ಹೇಳಿದ್ರು?"

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ನಿನ್ನ ಉಳಸಾಕಲ್ಲ. ಜಗಲಿ ಮ್ಯಾಲೆ ಅವನ್ನ ನೋಡಿದಾಗಿಂದ ನನಗ ಅನ್ನ ಸೇರವಲ್ದು. ಒಂದ ಸಲಾರ ಅವು ನನ್ನವು ಅನ್ನಬೇಕು ಅನ್ನಿಸ್ತು. ಅಂದೆ. ಬೈಸ್ಕೊಂಡೆ."

ನನ್ನನ್ನು ನೋಡಿ ಇನ್ನೊಬ್ಬರು ಹೊಟ್ಟೆಕಿಚ್ಚುಪಟ್ಟದ್ದು ಅದೇ ಮೊದಲು. ಓಡಿಹೋಗಿ ಯಾರಿಗಾದರೂ ಹೇಳೋಣವೆಂದರೆ ಹೇಳುವಂತಿರಲಿಲ್ಲ. ಆ ಎತ್ತು ನಮ್ಮ ಮನೆಯ ಮಾತಿನಲ್ಲಿ ಇವತ್ತಿಗೂ ವೈನಿಯ ಎತ್ತು. ನಾನೂ ಹಾಗೆಯೇ ಅನ್ನುತ್ತೇನೆ, ಅಂದಾಗಲೆಲ್ಲ ಹೊಟ್ಟೆ ಉರಿಯುತ್ತದೆ.