ಬಣ್ಣ ಹೋದ ನೀರು

ನಮ್ಮ ಕಾಬಾಳೆ ಗಿಡಗಳೆಲ್ಲ ಬೆಂದ ಸೊಪ್ಪಿನಂತೆ ಮಡಿಯಲ್ಲಿ ಬಿದ್ದಿದ್ದವು. ಹಿಂದಿನ ವಾರವಷ್ಟೇ ಎದೆಯೆತ್ತರ ನಿಂತು ಹೂ ಬಿಟ್ಟಿದ್ದವು. ಬನಹಟ್ಟಿಯ ನಮ್ಮ ಓಣಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯೊಂದಿದೆ. ಅದರ ನೀರು ಹಳ್ಳ ಸೇರುವ ಗಟಾರಕ್ಕೆ ಬೀಳುವ ಮೊದಲು ಸೋಸಿ ಹೋಗಲೆಂದು ನಾವು ನೇಯುವ ಹೆಣ್ಣುಮಕ್ಕಳೇ ಸೇರಿ ಖಡಿಕಲ್ಲು, ಉಸುಕು, ಇದ್ದಲಿ ತುಂಬಿ ಆ ಮಡಿ ಕಟ್ಟಿದ್ದೆವು. ಕೆಂಪು ನೀರು ಗಿಡಗಳ ಬೇರಿನಲ್ಲಿ ಎರಡು ದಿನ ನಿಂತು, ಆಚೆ ಕಡೆ ತಿಳಿಯಾಗಿ ಬರುತ್ತಿತ್ತು.

ಬ್ಲೀಚಿಂಗ್ ಪುಡಿಯ ಘಾಟು ಮೂಗಿಗೆ ಬಡಿಯಿತು. ಕಾರ್ಖಾನೆಯ ಸಾವಕಾರರು ನಗುತ್ತ ಹೊರಗೆ ಬಂದರು.

"ಎರಡು ದಿನ ಯಾಕ ಕಾಯೂದ್ರಿ ಅಕ್ಕಾರ? ನೂಲಿನ ಬಣ್ಣ ತಪ್ಪಿದ್ರ ಬ್ಲೀಚಿಂಗ್ ಹಾಕಿ ತಗೀತೀವಲ್ಲ, ನೀರಿಗೂ ಹಂಗ ಹಾಕೀನಿ. ತಾಸಿನ್ಯಾಗ ಬಣ್ಣ ಹೋತು ನೋಡ್ರಿ!"

ಜೀವನವಿಡೀ ಬಣ್ಣದಲ್ಲೇ ಕೈ ಅದ್ದಿದ ಮನುಷ್ಯ ಆಡುವ ಮಾತೇ ಇದು? ನನಗೆ ಮೈಯೆಲ್ಲ ಉರಿದುಹೋಯಿತು.

"ಬಣ್ಣ ಹೋದ್ರ ವಿಷ ಹೋತೇನ್ರಿ ಸಾವಕಾರ್ರ? ಗಿಡಾನ ಉಳೀಲಿಲ್ಲ, ಹಳ್ಳದಾಗ ಇದನ್ನ ಕುಡಿಯೋ ಎಮ್ಮಿ ಉಳಿತೈತೇನು?" ಎಂದೆ.

"ಇನ್ನ ಯಾರೂ ತಕರಾರು ಮಾಡೂದಿಲ್ಲ ಬಿಡ್ರಿ" ಎಂದು ಅವರು ಒಳಗೆ ನಡೆದರು.

ಖರೆ, ಯಾರೂ ಮಾಡಲಿಲ್ಲ. ಗಟಾರದ ನೀರು ತಾಸಿನಲ್ಲೇ ತಿಳಿಯಾಯಿತೆಂದು ನಮ್ಮ ಜೊತೆ ಮಡಿ ಕಟ್ಟಿದವರೂ ಖುಷಿಪಟ್ಟರು.

ಮಡಿ ಕಟ್ಟುವ ಮೊದಲೆಲ್ಲ ಗಟಾರ ನೋಡಿಯೇ ಇವತ್ತು ಯಾವ ಬಣ್ಣದ ಸೀರೆಯ ನೂಲು ಅದ್ದಿದ್ದಾರೆಂದು ಹೇಳುತ್ತಿದ್ದೆವು. ಆ ಕೊಳಕು ನೀರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಈಗ ತಿಳಿನೀರು ಕಂಡರೆ ಬಾಗಿ ಮೂಸಿ ನೋಡುತ್ತೇನೆ.