ಎದುರು ಬೀದಿಯ ಬಾಯಿ

ನಮ್ಮೂರಲ್ಲಿ ಇದ್ದದ್ದು ಎರಡೇ ಬೀದಿ. ಒಂದರಲ್ಲಿ ಕನ್ನಡ, ಇನ್ನೊಂದರಲ್ಲಿ ದಖನಿ ಉರ್ದು. ಯಲಹಂಕದವರಿಗೆ ನಾವು ಕೋಗಿಲು ದಾಟಿದ ಮೇಲೆ ಸಿಗುವ ಒಂದು ಬಸ್ ಸ್ಟಾಪು, ಅಷ್ಟೆ. ಆದರೆ ಮದುವೆಗೆ ಕರೆಯುವುದಕ್ಕೆ ನಮ್ಮಲ್ಲಿ ಒಂದು ಕಟ್ಟಳೆ ಇತ್ತು. ಮದುವೆಮನೆಯವರು ಎದುರು ಬೀದಿಯ ಒಬ್ಬರನ್ನು ಜೊತೆ ಮಾಡಿಕೊಂಡು ಹೊರಡಬೇಕು. ಯಾವ ಮನೆಯ ಹೊಸ್ತಿಲಲ್ಲಿ ನಿಂತರೂ ಕರೆಯುವ ಮಾತನ್ನು ಆ ಮನೆಗೆ ಎದುರು ಬೀದಿಯವರಾದವರೇ ಆಡಬೇಕು, ಅದೂ ಆ ಮನೆಯ ಭಾಷೆಯಲ್ಲಿ. ಹಿಂದೆ ಸಕ್ಕರೆ ತಟ್ಟೆ ಹಿಡಿದು ಬರುವವರು ಯಾರಾದರೂ ನಡೆಯುತ್ತದೆ. ಅವರನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ.

ದಖನಿ ಬೀದಿಯ ಮದುವೆಗಳಿಗೆಲ್ಲ ಆ ಬಾಯಿ ನಾನಾಗಿದ್ದೆ. ದ್ರಾಕ್ಷಿ ತೋಟದ ಕೂಲಿಯವನ ಮಗಳು, ಊರಿಗೆ ಮೊದಲ ಬಿ.ಕಾಂ. ನಮ್ಮ ಮನೆಗೆ ಕರೆಂಟು ಇರಲಿಲ್ಲ. ಎದುರು ಬೀದಿಯ ಗೆಳತಿಯ ಮನೆಯ ಟ್ಯೂಬ್‌ಲೈಟಿನ ಕೆಳಗೆ ಓದಿದೆ. ಅಕೌಂಟೆನ್ಸಿಯ ಜೊತೆಗೆ ದಖನಿಯೂ ಬಂತು. ಪಾಸಾದ ಮೇಲೆ ಅಲ್ಲಿ ಯಾರ ಮದುವೆಯಾದರೂ "ಡಿಗ್ರಿಯವಳನ್ನ ಕರೀರಿ" ಎನ್ನುತ್ತಿದ್ದರು. ನಾನು ಹೊಸ್ತಿಲಿಗೆ ಹೋಗಿ "ಘರ್ ಭರ್ ಕೂ ಆನಾ", ಮನೆ ತುಂಬಾ ಇರುವವರೆಲ್ಲ ಬರಬೇಕು, ಎಂದರೆ ಮುದುಕಿಯರು ಕೂಡ ಎದ್ದು ನಿಲ್ಲುತ್ತಿದ್ದರು. ಆ ಎದ್ದು ನಿಲ್ಲುವುದಕ್ಕಾಗಿಯೇ ಓದಿದೆನೇನೋ ಅನ್ನುವಷ್ಟು ಅದು ನನಗೆ ಬೇಕಾಗಿತ್ತು.

ಆಮೇಲೆ ನಮ್ಮೂರನ್ನು ಪಕ್ಕದ ನಗರಸಭೆಗೆ ಸೇರಿಸಿದರು. ಕಸದ ಆಟೋ ಬಂತು, ಬೀದಿದೀಪ ಬಂತು. ಎರಡು ಬೀದಿಗಳೂ ಕೊನೆಯಲ್ಲಿ ಕೂಡಿಕೊಳ್ಳುತ್ತವಾದ್ದರಿಂದ ಎರಡಕ್ಕೂ ಸೇರಿಸಿ 'ಎರಡನೇ ಕ್ರಾಸ್' ಎಂದು ಬೋರ್ಡು ನೆಟ್ಟು ಹೋದರು. ಬಾಡಿಗೆಯವರು ಬಂದರು. ಈಗ ಗೇಟಿಗೊಬ್ಬರು ಡಿಗ್ರಿಯವರು. ನಮ್ಮ ಮನೆಯ ಮೇಲೆ ನಾನು ಕಟ್ಟಿಸಿದ ಮಹಡಿಗೇ ಬಿಜಾಪುರದ ಕಡೆಯ ಒಬ್ಬ ಲೆಕ್ಚರರ್ ಬಂದಳು. ಅವಳದು ಡಾಕ್ಟರೇಟು. ಅದನ್ನು ಸಹಿಸಿಕೊಂಡೆ. ಆದರೆ ಅವಳಿಗೆ ದಖನಿಯೂ ಬರುತ್ತಿತ್ತು, ಓಣಿಯಲ್ಲಿ ಆಡುತ್ತಾ ಕಲಿತದ್ದು. ಅದನ್ನು ಸಹಿಸುವುದು ಕಷ್ಟವಾಯಿತು.

ಈ ವರ್ಷ ಅದೇ ಟ್ಯೂಬ್‌ಲೈಟಿನ ಮನೆಯ ಗೆಳತಿಯ ಮಗಳ ಮದುವೆ ಗೊತ್ತಾಯಿತು. ಕರೆಯಲು ಹೊರಡುವ ದಿನ ನಾನು ಆಫೀಸಿಗೆ ರಜೆ ಹಾಕಿ, ಬೆಳಿಗ್ಗೆಯೇ ರೇಷ್ಮೆ ಸೀರೆ ಉಟ್ಟು ಕೂತೆ. ಹತ್ತು ಗಂಟೆಯಾದರೂ ಯಾರೂ ಬರಲಿಲ್ಲ. ಕಿಟಕಿಯಿಂದ ನೋಡಿದರೆ ಗೆಳತಿ ಆಗಲೇ ಎದುರು ಬೀದಿಯ ಒಂದು ಮನೆಯ ಮುಂದೆ ನಿಂತಿದ್ದಾಳೆ. ಪಕ್ಕದಲ್ಲಿ ಲೆಕ್ಚರರ್. ತಟ್ಟೆ ಹಿಡಿದು ಮದುವೆಹುಡುಗಿಯ ಚಿಕ್ಕಮ್ಮ. ಲೆಕ್ಚರರ್ ಏನೋ ಅಂದಳು, ಒಳಗಿನಿಂದ ಹೋ ಎಂದು ನಗು ಕೇಳಿಸಿತು. ನಾನು ಕರೆದಾಗ ಒಂದು ದಿನವಾದರೂ ಯಾರೂ ನಕ್ಕದ್ದಿಲ್ಲ. ಕರೆಯುವುದೆಂದರೆ ತಮಾಷೆಯೇ?

"ಇಂಗ್ಯಾಕೆ ಮಖ ಊದುಸ್ಕೊಂಡಿದ್ದೀಯಾ? ಸೀರೆ ಬಿಚ್ಚಾಕು, ಸೆಕೆ," ಎಂದಳು ಅಮ್ಮ.

ಬಿಚ್ಚಲಿಲ್ಲ. ಅವರು ನಮ್ಮ ಬಾಗಿಲಿಗೂ ಬಂದರು. ಲೆಕ್ಚರರ್ ಹುರುಪಿನಿಂದ ಮುಂದೆ ಬಂದು, ನನಗೂ ದಖನಿಯಲ್ಲೇ "ಘರ್ ಭರ್ ಕೂ ಆನಾ" ಎಂದಳು. ನಾನು ಕಾದಿದ್ದೇ ಇಂಥ ಒಂದು ತಪ್ಪಿಗೆ.

"ನಿಲ್ಲಿ. ಇದು ಕನ್ನಡದ ಮನೆ. ಇಲ್ಲಿ ಕರೀಬೇಕಾದವಳು ಅವಳು, ಕನ್ನಡದಲ್ಲಿ. ಗೇಟಿಂದ ಮತ್ತೆ ಬನ್ನಿ."

"ಅಯ್ಯ, ತಪ್ಪಾತೇನ್ರೀ ಅಕ್ಕಾರ?" ಎಂದು ಲೆಕ್ಚರರ್ ನಾಲಿಗೆ ಕಚ್ಚಿಕೊಂಡು ನಿಜಕ್ಕೂ ಗೇಟಿಗೆ ಓಡಿದಳು. ಗೆಳತಿಯೂ ಹೋಗಿ ಬಂದು, ತಲೆಯ ಮೇಲೆ ದುಪಟ್ಟಾ ಎಳೆದುಕೊಂಡು, ಪರಕೀಯಳ ಹಾಗೆ ಕೈಮುಗಿದಳು. "ಮಗಳ ಮದುವೆ ಕಣಮ್ಮಾ. ಮನೇವ್ರೆಲ್ಲಾ ಬರ್ಬೇಕು. ಸಾಕೇನೇ, ಡಿಗ್ರಿ ಮೇಡಂ?"

"ನನ್ನ ಯಾಕೆ ಜೊತೆಗೆ ಕರೀಲಿಲ್ಲ?"

"ಬೋರ್ಡ್ ನೋಡಿಲ್ವಾ? ನಾನೂ ನೀನೂ ಈಗ ಒಂದೇ ಕ್ರಾಸು. ಎದುರು ಬೀದಿ ಎಲ್ಲಿಂದ ತರ್ಲಿ? ಅದಕ್ಕೇ ಬಿಜಾಪುರದಿಂದ ತರ್ಸಿದೀನಿ."

ನಾನು ನಗಲಿಲ್ಲ. ಅವಳು ನನ್ನ ಮುಖ ನೋಡಿ, ದನಿ ಇಳಿಸಿ ಹೇಳಿದಳು: "ಇವ್ರು ಮಾತಾಡಿದ್ರೆ ನಮ್ ಮುದುಕೀರು ನಗ್ತಾರೆ ಕಣೇ. ನೀನು ಮಾತಾಡಿದ್ರೆ ಎದ್ ನಿಲ್ತಾರೆ. ಅಷ್ಟೇ."

ಎಷ್ಟು ಸಲೀಸಾಗಿ ಅಂದುಬಿಟ್ಟಳು! ನನ್ನ ಜೀವಮಾನದ ಗಳಿಕೆಯನ್ನೇ ಒಂದು ದೂರಿನ ಮಾತಾಗಿಸಿಬಿಟ್ಟಳು.

ಚಿಕ್ಕಮ್ಮನಿಗೆ ಅಡುಗೆಯವರಿಂದ ಫೋನ್ ಬಂತು. ಅವಳು ಹೊರಡಬೇಕಾಯಿತು. ಯಾರೂ ಹೇಳುವ ಮೊದಲೇ ತಟ್ಟೆಯನ್ನು ನಾನು ತೆಗೆದುಕೊಂಡೆ. ಮನೆಯಲ್ಲಿ ಕೂತು ಆ ನಗುವನ್ನು ಕಿಟಕಿಯಿಂದ ಕೇಳುವುದಕ್ಕಿಂತ ಹತ್ತಿರ ನಿಂತು ಕೇಳುವುದೇ ವಾಸಿ.

ದಖನಿ ಬೀದಿಯ ಮೂಲೆಮನೆಯ ದಾದಿ, ಬೀದಿಗೆಲ್ಲ ಹಿರಿಯಜ್ಜಿ, ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದಳು. ಲೆಕ್ಚರರ್ ಬಿಜಾಪುರದ ರಾಗದಲ್ಲಿ ಕರೆದಳು. ನನ್ನ ಉಚ್ಚಾರವೇ ಚೆನ್ನಾಗಿದೆ ಎಂದು ಈಗಲೂ ಆಣೆ ಮಾಡಿ ಹೇಳಬಲ್ಲೆ. ದಾದಿ ಬೊಚ್ಚುಬಾಯಿ ತೆರೆದು ನಕ್ಕಳು, ಅವಳ ಕೈ ಹಿಡಿದು ಪಕ್ಕಕ್ಕೆ ಎಳೆದುಕೊಂಡಳು, "ಫಿರ್ ಬೋಲ್ ಮಾ," ಇನ್ನೊಮ್ಮೆ ಹೇಳು, ಎಂದಳು. ಇನ್ನೊಮ್ಮೆ ಹೇಳಿಸಿಕೊಂಡು ಇನ್ನೊಮ್ಮೆ ನಕ್ಕಳು.

ಆಮೇಲೆ ಸಕ್ಕರೆಗೆ ಕೈ ಚಾಚಿ, ತಟ್ಟೆ ಹಿಡಿದಿದ್ದ ನನ್ನನ್ನು ಕಂಡಳು. ನಗು ನಿಂತಿತು. ಸೆರಗು ಸರಿಮಾಡಿಕೊಂಡಳು. ಮೊಣಕಾಲಿಗೆ ಕೈಯೂರಿ ಏಳತೊಡಗಿದಳು.

"ಬೈಠೋ ದಾದಿ, ಬೈಠೋ," ಎಂದೆ.

ಅವಳು ಕೂರಲಿಲ್ಲ.