ಮಕ್ಕಳ ಮೆಟ್ಟಿಲಿನ ದೊಡ್ಡ ಮೀನು

ನಮ್ಮ ಮನೆಯವರನ್ನು ಊರಲ್ಲೆಲ್ಲ ರೀಲ್ ಮೇಷ್ಟ್ರು ಎಂದು ಕರೆಯುತ್ತಾರೆ. ಇವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೆರೆಗೆ ಹೋಗುವ ರಸ್ತೆಯಲ್ಲಿ ಮೀನು ಹಿಡಿಯುವ ಸಾಮಾನಿನ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಮೊದಲ ಸಲ ಗಾಳ ಹಿಡಿಯುವ ಮಕ್ಕಳಿಗೆ ರೀಲು ಆರಿಸಿಕೊಡುವುದರಲ್ಲಿ ಇವರನ್ನು ಬಿಟ್ಟರೆ ಇಲ್ಲ ಎಂದು ಹೆಸರಾಯಿತು. ಹೆಸರು ಬಂದ ಮೇಲೆ ಕೇಳಬೇಕೆ? ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಮನೆಗೊಂದು ಬಲ್ಬು ತನ್ನಿ ಎಂದರೆ ಮೂರು ಸಲ ಅಂಗಡಿಗೆ ಹೋಗಿ ಮೂರು ಸಲವೂ ಹೋಲ್ಡರಿಗೆ ಕೂರದ ಬಲ್ಬು ತರುವ ಮನುಷ್ಯ. ಅದು ಊರಿಗೆ ಗೊತ್ತಿಲ್ಲ, ನನಗೆ ಗೊತ್ತು.

ಇವರು ರೀಲು ಆರಿಸುವ ವೈಭವವನ್ನು ನೋಡಬೇಕು. ಮೊನ್ನೆ ಮೊನ್ನೆ ಹಲ್ಲಿನ ಡಾಕ್ಟರು ಮಗನನ್ನು ಕರೆದುಕೊಂಡು ಬಂದರು. ಬಂದವರೇ ಗಾಜಿನ ಬೀರುವಿನಲ್ಲಿದ್ದ ಎಲ್ಲಕ್ಕಿಂತ ದೊಡ್ಡ, ಫಳಫಳ ಹೊಳೆಯುವ ರೀಲಿಗೆ ಬೆರಳು ತೋರಿಸಿದರು.

"ಇದು ನಿಮಗಾ ಸಾರ್, ಮಗುಗಾ?" ಎಂದು ಇವರು ಕೇಳಿದರು.

"ಇವನಿಗೇ. ತಗೊಳ್ಳೋದು ತಗೊಳ್ತೀವಿ, ಒಳ್ಳೇದೇ ಇರ್ಲಿ ಅಂತ."

"ಒಳ್ಳೇದು ಅಂತ ನಿಮ್ಮ ಬೂಟು ಹಾಕಿ ಇವನನ್ನ ಸ್ಕೂಲಿಗೆ ಕಳಿಸ್ತೀರಾ?"

ಡಾಕ್ಟರು ತೆಪ್ಪಗಾದರು. ಇಡೀ ಊರಿನ ಬಾಯಿ ತೆರೆಸುವವರ ಬಾಯಿ ಮುಚ್ಚಿಸಿದ ಖುಷಿ ಇವರ ಮುಖದಲ್ಲಿ ಎದ್ದು ಕಾಣುತ್ತಿತ್ತು. ಆಮೇಲೆ ಹುಡುಗನನ್ನು ಸ್ಟೂಲಿನ ಮೇಲೆ ಕೂರಿಸಿ ಪರೀಕ್ಷೆ ಶುರು. ಕಣ್ಣು ಮುಚ್ಚಬೇಕು, ರೀಲು ಹಿಡಿಯಬೇಕು. ಹೆಬ್ಬೆರಳು ತಿಣುಕಾಡದೆ ದಾರ ಬಿಡುವ ಗುಂಡಿಗೆ ತಲುಪಬೇಕು. ಹಿಡಿಯನ್ನು ನಲವತ್ತು ಸುತ್ತು ತಿರುಗಿಸಬೇಕು. ಅಷ್ಟರಲ್ಲಿ ಭುಜ ಮೇಲೆದ್ದಿತೋ, ರೀಲು ಭಾರವಾಯಿತು ಎಂದರ್ಥ, ಮುಂದಿನದು. ದಾರವೆಲ್ಲ ಹೊರಗೆ ಕಾಣುವ ರೀಲನ್ನು ಹತ್ತು ವರ್ಷದೊಳಗಿನ ಮಕ್ಕಳಿಗೆ ಇವರು ಕೊಡುವುದೇ ಇಲ್ಲ. ಎಸೆದ ಕೂಡಲೇ ದಾರ ಗೋಜಲಾಗಿ, ಮಗು ಅತ್ತು, ಅಪ್ಪನ ಭಾನುವಾರವೆಲ್ಲ ಗಂಟು ಬಿಡಿಸುವುದರಲ್ಲೇ ಕಳೆಯುತ್ತದೆ. ಚಿಕ್ಕವರಿಗೆ ಮುಚ್ಚಳ ಇರುವ ರೀಲೇ ಸರಿ. ದಾರ ಮುಚ್ಚಳದ ಸಣ್ಣ ತೂತಿನಿಂದ ಹೊರಬರುತ್ತದೆ. ಗುಂಡಿ ಒತ್ತಬೇಕು, ಬೀಸಬೇಕು, ಬಿಡಬೇಕು, ಅಷ್ಟೇ. ಒಂದು ಗಂಟೆ ಹೀಗೆ ಗೋಳು ಹೊಯ್ದುಕೊಂಡು ಕೊನೆಗೆ ಕೈಗೆ ಹೇಳಿ ಮಾಡಿಸಿದಂಥ ಪುಟ್ಟ ರೀಲೊಂದನ್ನು ಕೊಟ್ಟರು. ಸುಳ್ಳು ಯಾಕೆ ಹೇಳಲಿ, ಇಲ್ಲಿಯವರೆಗೆ ಇವರ ಕೆಲಸದಲ್ಲಿ ಎಳ್ಳಷ್ಟೂ ತಪ್ಪು ಹುಡುಕಲಾಗದು.

ತಪ್ಪು ಇರುವುದು ಕೊನೆಯ ಕೆಲಸದಲ್ಲಿ. ಗಿರಾಕಿಗೆ ಬೆನ್ನು ಹಾಕಿ ಮಾಡುವ ಕೆಲಸ ಅದು.

ರೀಲಿನ ಮೇಲೆ ಹಲ್ಲುಹಲ್ಲಾದ ಒಂದು ಪುಟ್ಟ ಗಾಲಿ ಇರುತ್ತದೆ. ನಾವು ಅದನ್ನು ಬ್ರೇಕು ಎನ್ನುತ್ತೇವೆ. ಮೀನು ಎಳೆದಾಗ ರೀಲು ಎಷ್ಟು ದಾರ ಬಿಟ್ಟುಕೊಡಬೇಕು ಎಂದು ತೀರ್ಮಾನಿಸುವುದು ಅದೇ. ತೀರಾ ಬಿಗಿಯಾದರೆ ದಾರ ಕಿತ್ತುಹೋಗುತ್ತದೆ. ತೀರಾ ಸಡಿಲವಾದರೆ ನೀವು ಎಷ್ಟು ಸುತ್ತಿದರೂ ದಾರ ಒಳಗೆ ಬಾರದೆ ಮೀನಿನ ಹಿಂದೆಯೇ ಓಡುತ್ತದೆ. ಇವರು ಅದನ್ನು ಮಗು ಸೀನಿದರೂ ದಾರ ಬಿಚ್ಚಿಕೊಳ್ಳುವಷ್ಟು ಸಡಿಲ ಮಾಡಿ, ಮತ್ತೆ ಯಾರೂ ತಿರುಗಿಸದಿರಲಿ ಎಂದು ಒಂದು ಹನಿ ಅಂಟು ಹಾಕುತ್ತಾರೆ.

ಯಾಕೆ ಎಂದರೆ ಮೀನು ಎಳೆದು ಮಗು ನೀರಿಗೆ ಬಿದ್ದೀತು ಎಂಬ ಹೆದರಿಕೆ. ಅಂಗಡಿ ಹಾಕಿದ ಮೊದಲ ವರ್ಷ ಒಂದು ಹುಡುಗಿ ಕೆರೆಯ ಮೆಟ್ಟಿಲ ಮೇಲೆ ಜಾರಿ ಮೊಣಕಾಲುದ್ದ ನೀರಿಗೆ ಬಿದ್ದಳು. ಗಾಯವೂ ಇಲ್ಲ, ಏನೂ ಇಲ್ಲ. ಆದರೆ ಅವಳ ಅಮ್ಮ, ನೀರು ಸುರಿಯುತ್ತಿದ್ದ ಮಗಳನ್ನು ರಟ್ಟೆ ಹಿಡಿದು ಎಳೆದುಕೊಂಡು ಬಂದು, ಅಂಗಡಿ ಮುಂದೆ ನಿಂತು ಅರ್ಧ ಗಂಟೆ ಇವರ ಜನ್ಮ ಜಾಲಾಡಿದಳು. ಮೊದಲೇ ನಮ್ಮವರಿಗೆ ನೀರು ಕಂಡರಾಗದು. ಕೆರೆ ಏರಿಯ ಮೇಲೆ ನಡೆಯುವಾಗ ನೀರಿನ ಕಡೆಗೆ ನನ್ನನ್ನು ಬಿಟ್ಟು ತಾವು ಈಚೆ ಬದಿಗೆ ಬರುವ ಧೀರರು. ಒಂದು ಸಲವಾದರೂ ಗಾಳ ಹಾಕಿದವರಲ್ಲ. ವಿದ್ಯೆಯೆಲ್ಲ ಕಂಪನಿಯ ಪುಸ್ತಕ ಓದಿ ಬಂದದ್ದು. ಅವತ್ತೇ ಬ್ರೇಕು ಸಡಿಲವಾಯಿತು.

"ದಾರ ಹೋದ್ರೆ ಹೋಗ್ಲಿ, ಮಗು ದಡದಲ್ಲಿರ್ಬೇಕು" ಎಂದರು.

"ಮತ್ತೆ ಮೀನು?"

"ಮೀನಿಗೇನು? ಅದು ನೀರಲ್ಲೇ ಇರುತ್ತೆ."

ನನಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕು ಅಲ್ಲಿಗೇ ಬಿಟ್ಟೆ.

ಇದರಿಂದ ಊರಿಗೆ ಆದದ್ದೇನು ಕೇಳಿ. ಮಕ್ಕಳ ಗಾಳಕ್ಕೆ ಬೆರಳುದ್ದದ ಮೀನು ಸಿಕ್ಕರೆ ಪಾಪ, ತಾನಾಗಿ ಬರುತ್ತದೆ. ಅದಕ್ಕಿಂತ ಒಂಚೂರು ದೊಡ್ಡದಾದರೆ ರೀಲು ಕಿರ್ರನೆ ಕೂಗುತ್ತದೆ, ಮಗು ಸುತ್ತಿ ಸುತ್ತಿ ಸುಸ್ತಾಗುತ್ತದೆ, ಮೀನು ಕೊಕ್ಕೆ ಕೊಡವಿ ಹೊರಟುಹೋಗುತ್ತದೆ. ಎಷ್ಟು ದೊಡ್ಡದಿತ್ತು ಎಂದರೆ ಮಗು ಎರಡೂ ಕೈ ಚಾಚಿ ತೋರಿಸುತ್ತದೆ. ತೋರಿಸದೆ ಏನು ಮಾಡೀತು? ಅಷ್ಟು ಸುತ್ತಿದರೂ ಬರಲಿಲ್ಲವೆಂದ ಮೇಲೆ ಅದು ಭಾರೀ ಮೀನೇ ಇರಬೇಕು. ಹೀಗೆ ಮಕ್ಕಳು ಕೂರುವ ಮೆಟ್ಟಿಲಿನ ಕಡೆ ದೈತ್ಯ ಮೀನುಗಳಿವೆ ಎಂದು ಊರಿಗೆ ಊರೇ ನಂಬಿತು. ನಮ್ಮ ಬೀದಿಯ ಕ್ಷೌರಿಕ ಒಂಬತ್ತನೇ ವಯಸ್ಸಿನಲ್ಲಿ ಕಳೆದುಕೊಂಡ ಮೀನಿನ ಕಥೆಯನ್ನು ಈಗ ನಲವತ್ತರ ಹತ್ತಿರ ಬಂದರೂ ಹೇಳುತ್ತಾನೆ. ಕುತ್ತಿಗೆಯ ಮೇಲೆ ಕತ್ತಿ ಇರುವಾಗ ಯಾವ ಗಿರಾಕಿ ತಾನೇ ಇಲ್ಲ ಎನ್ನುತ್ತಾನೆ? ವರ್ಷಕ್ಕೊಂದು ಗೇಣು ಬೆಳೆದು ಆ ಮೀನು ಈಗ ಅವನ ಕುರ್ಚಿಗಿಂತ ಉದ್ದವಾಗಿದೆ. ರೀಲು ಮಾರಿದ್ದು ಇವರು, ಬಿಟ್ಟಿದ್ದು ಊರು.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಈ ರಜೆಗೆ ಮೊಮ್ಮಗಳು ಬಂದಳು.

ಎಂಟು ವರ್ಷದವಳು, ಮಗಳ ಮಗಳು. ಹತ್ತು ದಿನ ಇರಲು ಬಂದಿದ್ದಳು. ಬಸ್ಸಿನಿಂದ ಇಳಿದವಳೇ, "ತಾತ, ನಂಗೆ ಒಂದೇ ಒಂದು ಮೀನು ಹಿಡೀಬೇಕು. ಬೆರಳಿನಷ್ಟಿರೋದಲ್ಲ, ನಿಜವಾದ್ದು" ಎಂದಳು. ತಾತನ ಎದೆ ಉಬ್ಬಿತು. ಊರ ಮಕ್ಕಳಿಗೆ ಒಂದು ಗಂಟೆ ಪರೀಕ್ಷೆ ಆದರೆ ಇವಳಿಗೆ ಮೂರು ದಿನ. ಅಂಗಡಿಯ ಅಷ್ಟೂ ಡಬ್ಬಿ ಬಿಚ್ಚಿ, ಮೂರನೇ ದಿನ ಒಂದು ನೀಲಿ ರೀಲು ಆರಿಸಿದರು. ಆರಿಸಿ, ನಮ್ಮಿಬ್ಬರಿಗೂ ಬೆನ್ನು ಹಾಕಿದರು. ನಾನು ಪಕ್ಕದಲ್ಲೇ ಕೊಕ್ಕೆಗಳನ್ನು ಪೊಟ್ಟಣಕ್ಕೆ ತುಂಬುತ್ತಾ ಕೂತಿದ್ದೆ.

"ಏನ್ರೀ, ಇವಳಿಗೂನಾ?" ಎಂದೆ ಮೆಲ್ಲಗೆ.

"ಇವಳಿಗೇ ಮುಖ್ಯ" ಎಂದರು, ಅಂಟಿನ ಬಾಟಲಿ ಮುಚ್ಚುತ್ತಾ.

ನಾಲ್ಕು ದಿನ ಅವಳ ಜೊತೆ ಮೆಟ್ಟಿಲ ಮೇಲೆ ಕೂತವಳು ನಾನು. ನಾಲ್ಕು ದಿನದಲ್ಲಿ ಮೂರು ಮೀನು ಕಚ್ಚಿದವು, ಮೂರೂ ಹೋದವು. ಮೊದಲನೆಯದು ಹೋದಾಗ ಕುಣಿದಾಡಿಕೊಂಡು ಮನೆಗೆ ಬಂದಳು. ಎರಡನೆಯದಕ್ಕೆ ತುಟಿ ಕಚ್ಚಿದಳು. ಮೂರನೆಯದು ಹೋದ ದಿನ ಗಾಳದ ಕೋಲನ್ನು ಮೂಲೆಗಿಟ್ಟು, ಊಟಕ್ಕೆ ಕೂತಾಗಲೂ ಎರಡೂ ಕೈಗಳನ್ನು ತೊಡೆ ಕೆಳಗೆ ಇಟ್ಟುಕೊಂಡೇ ಇದ್ದಳು.

ತಾತ ತಮ್ಮ ಮಾಮೂಲಿ ಪುರಾಣ ಬಿಚ್ಚಿದರು. "ಬೇಜಾರು ಮಾಡ್ಕೋಬೇಡ ಪುಟ್ಟಿ. ಆ ಮೆಟ್ಟಿಲ ಹತ್ರ ಇರೋ ಮೀನು ಅಂದ್ರೆ ಸಾಮಾನ್ಯ ಅಲ್ಲ. ದೊಡ್ಡ ದೊಡ್ಡವರಿಗೇ…"

"ದೊಡ್ಡದಲ್ಲ ತಾತ" ಎಂದಳು. "ನಾನು ನೋಡ್ದೆ. ಅದು ಮೇಲೆ ಬಂತು. ಇಷ್ಟೇ ಇತ್ತು." ಅಂಗೈ ಅಗಲಿಸಿ ತೋರಿಸಿದಳು. "ನನ್ನ ಕೈಯೇ ಸರಿ ಇಲ್ಲ. ಅಮ್ಮಂದೂ ಹಂಗೇ ಅಂತೆ. ಬರುವಾಗಲೇ ಅಮ್ಮ ಹೇಳಿದ್ಳು, ಸಿಗ್ಲಿಲ್ಲ ಅಂದ್ರೆ ಅಳ್ಬೇಡ, ನಮ್ಮ ಕೈಗೆ ಬಂದಿದ್ದು ನಿಲ್ಲಲ್ಲ ಅಂತ."

ತಟ್ಟೆಯಲ್ಲಿದ್ದ ಇವರ ಕೈ ಅಲ್ಲೇ ನಿಂತಿತು. ನಮ್ಮ ಮಗಳೂ ಚಿಕ್ಕವಳಿದ್ದಾಗ ಮೂರು ವರ್ಷ ಬಿಡದೆ ಸಂಜೆ ಹೊತ್ತು ಆ ಮೆಟ್ಟಿಲಿಗೆ ಹೋದವಳು. ಹತ್ತನೇ ವಯಸ್ಸಿನಲ್ಲಿ ಒಂದು ದಿನ ಕೋಲನ್ನು ತಂದು ಅಂಗಡಿಯ ಹಿಂದಿನ ಕೋಣೆಗೆ ಎಸೆದಳು. ಓದಿನ ಕಡೆ ಗಮನ ಬಂತು ಎಂದು ಇಬ್ಬರೂ ಹಿಗ್ಗಿದ್ದೆವು. ಈ ಮಗುವೂ ಅದೇ ಮಾತು ಕಟ್ಟಿಕೊಂಡು ಊರಿಗೆ ಹೊರಟರೆ ಏನು ಗತಿ ಎಂದು ನನಗೆ ಅನ್ನ ಇಳಿಯಲಿಲ್ಲ. ಇವರೂ ಅರ್ಧಕ್ಕೇ ಎದ್ದರು.

ಮರುದಿನ ಬೆಳಗ್ಗೆ ಇವರು ಬ್ಲೇಡಿನಿಂದ ನೀಲಿ ರೀಲಿನ ಅಂಟು ಕೆರೆಯುತ್ತಿದ್ದರು. ಕೆರೆದಾಯಿತು. ಆಮೇಲೆ ಬ್ರೇಕನ್ನು ಎಷ್ಟು ಬಿಗಿ ಮಾಡಬೇಕು? ಮೂವತ್ತೊಂದು ವರ್ಷ ಸಡಿಲ ಮಾಡಿದ ಮಹಾನುಭಾವರಿಗೆ ಅದೇ ಗೊತ್ತಿಲ್ಲ! ಪುಸ್ತಕ ತಿರುವಿದರು. ದಾರಕ್ಕೆ ಈರುಳ್ಳಿ ಚೀಲ ಕಟ್ಟಿ ಎಳೆದರು. ನನಗೆ ರೇಗಿತು.

"ಈರುಳ್ಳಿ ಹಿಡಿಯೋಕೆ ಹೊರಟಿದೀರಾ? ಕೆರೆಗೆ ಹೋಗಿ ನೋಡ್ರೀ!"

ಹೋದರು. ನನ್ನನ್ನೂ ಮೊಮ್ಮಗಳನ್ನೂ ಮುಂದೆ ಬಿಟ್ಟು, ತಾವು ಮೆಟ್ಟಿಲಿನ ಕಬ್ಬಿಣದ ಕಂಬಿಯನ್ನು ಎರಡೂ ಕೈಯಲ್ಲಿ ಅವುಚಿ ಹಿಡಿದು, ನೀರಿನಿಂದ ಎಂಟು ಮೆಟ್ಟಿಲು ಮೇಲೆ ನಿಂತರು. ಮೇಷ್ಟ್ರು ಕೆರೆಗೆ ಬಂದಿದ್ದಾರೆ ಎಂದು ಹತ್ತಾರು ಮಂದಿ ಸೇರಿದರು. ಕ್ಷೌರಿಕನೂ ಅಂಗಡಿ ಬಿಟ್ಟು ಓಡಿಬಂದ.

"ಪುಟ್ಟಿ, ನಿನ್ನ ಕೈ ಚೆನ್ನಾಗೇ ಇದೆ" ಎಂದರು, ಎಲ್ಲರಿಗೂ ಕೇಳುವ ಹಾಗೆ. "ಬ್ರೇಕು ನಾನೇ ಸಡಿಲ ಮಾಡಿ ಅಂಟು ಹಾಕಿದ್ದೆ. ನಿಂಗೆ ಒಬ್ಬಳಿಗೇ ಅಲ್ಲ, ಎಲ್ಲಾ ಮಕ್ಕಳಿಗೂ ಹಂಗೇ ಕೊಟ್ಟಿದೀನಿ. ನೀರಿಗೆ ಬಿದ್ದಾರು ಅಂತ."

ಅವಳು ತಾತನ ಮುಖವನ್ನು ದಿಟ್ಟಿಸಿದಳು. "ಮತ್ತೆ ನಿನ್ನೆ ಯಾಕೆ ಮೀನು ದೊಡ್ಡದು ಅಂದ್ರಿ?"

ಉತ್ತರಕ್ಕೆ ಅವಳು ಕಾಯಲಿಲ್ಲ. ತಾನೇ ಗಾಲಿ ತಿರುಗಿಸಿ, ದಾರ ಎಳೆದು ನೋಡಿ, ಎಸೆದಳು. ಮೊದಲ ಸಲ ಮೀನು ಕಚ್ಚಿದಾಗ ಬಿಗಿ ಹೆಚ್ಚಾಗಿ ದಾರ ಟಪ್ಪೆಂದು ಕಿತ್ತುಹೋಯಿತು. ಬೇರೆ ಕೊಕ್ಕೆ ಕಟ್ಟಿಕೊಂಡು, ಗಾಲಿಯನ್ನು ಎರಡು ಹಲ್ಲು ಹಿಂದಕ್ಕೆ ತಿರುಗಿಸಿ, ಮತ್ತೆ ಎಸೆದಳು. ಈ ಸಲ ಕಚ್ಚಿದ್ದು ಸ್ವಲ್ಪ ಓಡಿತು, ನಿಂತಿತು, ಬಂತು. ಅಂಗೈ ಅಗಲದ ಬೆಳ್ಳನೆಯ ಮೀನು ಮೆಟ್ಟಿಲ ಮೇಲೆ ಪಟಪಟ ಬಡಿದುಕೊಂಡಿತು. "ಅಜ್ಜೀ!" ಎಂದು ಅವಳು ಕಿರುಚಿದ್ದಕ್ಕೆ ನನ್ನ ಕಣ್ಣು ತುಂಬಿಬಂತು.

ಕ್ಷೌರಿಕ ಬಗ್ಗಿ ಮೀನನ್ನು ನೋಡಿದ. ಬಹಳ ಹೊತ್ತು ನೋಡಿದ. "ಇದು ಮರಿ ಮೇಷ್ಟ್ರೇ. ದೊಡ್ಡವು ಬೇರೆ ಇವೆ" ಎಂದವನೇ ಹಿಂದಿರುಗಿ ನೋಡದೆ ಹೊರಟುಹೋದ.

ಇಷ್ಟಾದ ಮೇಲೆ ಇವರ ಹೆಸರು ಮಣ್ಣು ಮುಕ್ಕಬೇಕಿತ್ತಲ್ಲವೇ? ಎಲ್ಲಿ ಬಂತು! ಸಂಜೆಯೊಳಗೆ ಊರು ತೀರ್ಪು ಕೊಟ್ಟಾಗಿತ್ತು. ಮೊಮ್ಮಗಳ ಮನಸ್ಸು ನೋಯಬಾರದು ಎಂದು ಮೇಷ್ಟ್ರು ಇಲ್ಲದ ತಪ್ಪನ್ನು ಮೈಮೇಲೆ ಎಳೆದುಕೊಂಡರಂತೆ, ಎಂಥಾ ದೊಡ್ಡ ಮನಸ್ಸಂತೆ. ಹಲ್ಲಿನ ಡಾಕ್ಟರು ಅಂಗಡಿಗೇ ಬಂದು ಕೈ ಕುಲುಕಿದರು. "ನಿಜವಾಗ್ಲೂ ನಾನೇ ಮಾಡಿದ್ದು ಸಾರ್" ಎಂದು ಇವರು ಹೇಳಿದಷ್ಟೂ ಅವರು ಬೆನ್ನು ತಟ್ಟಿದರು. ಎರಡು ಸಲ ಹೇಳಿದ ಇವರು ಮೂರನೇ ಸಲಕ್ಕೆ ಸುಮ್ಮನಾದರು. ಬದುಕಿದೆಯಾ ಬಡಜೀವವೇ ಎನ್ನುವ ಕಳೆ ಮುಖದ ಮೇಲೆ ಬಂತು.

ಮೊಮ್ಮಗಳು ಅಷ್ಟು ಸುಲಭಕ್ಕೆ ಬಿಡುವವಳಲ್ಲ. ನನ್ನ ಫೋನ್ ತೆಗೆದುಕೊಂಡು ಅವಳಮ್ಮನಿಗೆ ಮಾಡಿ, ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವಂತೆ ಗುಂಡಿ ಒತ್ತಿದಳು.

"ಅಮ್ಮಾ, ನಂಗೆ ಮೀನು ಸಿಕ್ತು! ನಿನ್ನ ಕೈಗೂ ಏನೂ ಆಗಿಲ್ಲ ಅಮ್ಮಾ. ತಾತ ಬ್ರೇಕು ಸಡಿಲ ಇಟ್ಟು ಅಂಟು ಹಾಕಿದ್ರಂತೆ. ಎಲ್ರಿಗೂ ಹಾಕ್ತಿದ್ರಂತೆ."

ಆ ಕಡೆಯಿಂದ, "ಅಪ್ಪ ಇದ್ದಾರಾ?" ಎಂಬ ದನಿ ಬಂತು.

"ಇದೀನಮ್ಮಾ" ಎಂದರು ಇವರು.

"ನಂದೂ ಹಂಗೇ ಇತ್ತಾ ಅಪ್ಪಾ?"

"ಹೂಂ. ನೀನೆಲ್ಲಿ ಬಿದ್ದುಬಿಡ್ತೀಯೋ ಅಂತ…"

"ನಾನ್ಯಾಕೆ ಬಿಟ್ಟೆ ಗೊತ್ತಾ?" ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ಚೆನ್ನಾಗಿತ್ತು. "ಮೇಷ್ಟ್ರ ಮಗಳಿಗೇ ಮೂರು ವರ್ಷದಿಂದ ಒಂದೂ ಸಿಕ್ಕಿಲ್ಲ ಅಂತ ಅಂಗಡಿ ಮುಂದೇನೇ ಯಾರೋ ಆಡ್ಕೊಂಡ್ರು. ನನ್ನಿಂದ ನಿಮ್ಮ ಹೆಸರು ಕೆಟ್ಟುಹೋಗುತ್ತೆ, ಅಂಗಡಿಗೆ ಯಾರೂ ಬರಲ್ಲ ಅಂತ ಹೆದರ್ಕೊಂಡೆ. ಅದಕ್ಕೇ ಬಿಟ್ಟೆ. ನಂಗೆ ಅದು ಎಷ್ಟು ಇಷ್ಟ ಇತ್ತು ಅಂತ ನಿಮ್ಗೆ ಗೊತ್ತಾ ಅಪ್ಪಾ?"

ಗಂಟೆಗಟ್ಟಲೆ ರೀಲಿನ ಬಗ್ಗೆ ಮಾತಾಡುವ ಮನುಷ್ಯ ಮೇಜಿನ ಅಂಚನ್ನು ಕೆರೆಯ ಕಂಬಿಯಂತೆ ಹಿಡಿದು ನಿಂತಿದ್ದರು. ನೋಡಲಾಗದೆ ನಾನೇ ಫೋನ್ ಎತ್ತಿಕೊಂಡೆ. ಎರಡು ಮಾತು ಇವರನ್ನು ಬೈದು, ಮಗಳನ್ನು ನಗಿಸೋಣ ಎಂದುಕೊಂಡೆ. ಯಾವಾಗಲೂ ಹಾಗೇ ಮಾಡಿಕೊಂಡು ಬಂದವಳು.

"ನಿಮ್ಮಪ್ಪನ ವಿಷಯ ನಿಂಗೆ ಗೊತ್ತಲ್ಲ ಕಣೇ…" ಎಂದು ಶುರು ಮಾಡಿದೆ.

"ಅಮ್ಮಾ" ಎಂದಳು, "ನಿಂಗೂ ಗೊತ್ತಿತ್ತಾ?"

ಮೊಮ್ಮಗಳು ನನ್ನ ಮುಖವನ್ನೇ ನೋಡುತ್ತಿದ್ದಳು.

"ಗೊತ್ತಿತ್ತು" ಎಂದೆ.

ಮಗಳು ಆ ಕಡೆ ಫೋನ್ ಇಡಲಿಲ್ಲ, ನಾನೂ ಈ ಕಡೆ ಇಡಲಿಲ್ಲ.